ತಾನು ಸಾವಯವ ತಿನ್ನುವವನು ಕುಲಾಂತರಿ ಲೇಬಲ್ ಬೇಡ ಅಂದದ್ದು ಯಾಕೆ?

ಪಪ್ಪಾಯ ಪ್ರಿಯೆ:
ನಾನು ಸ್ಯಾನ್ ಹೋಸೆಗೆ ಬಂದು ಹದಿನಾರು ವರ್ಷ. ಮೊನ್ನೆ ಅಂಗಡಿಯಿಂದ ಹವಾಯಿ ಪಪ್ಪಾಯ ತಂದೆ. ಅರ್ಧ ತಿಂದಾದ ಮೇಲೆ ಸ್ಟಿಕರ್ ಕಡೆ ಕಣ್ಣು ಹೋಯಿತು. ಸಣ್ಣಕ್ಷರದಲ್ಲಿ ‘ಬಯೋಎಂಜಿನಿಯರ್ಡ್’ ಅಂತಿತ್ತು. ಕುಲಾಂತರಿ, ಅಂದರೆ ಜೀನ್ ಬದಲಿಸಿ ಬೆಳೆಸಿದ್ದು, ಅನ್ನೋದಕ್ಕೆ ಇಲ್ಲಿನ ಸರ್ಕಾರ ಇಟ್ಟ ಹೆಸರು ಅದು. ಉಳಿದರ್ಧವನ್ನೂ ತಿಂದೆ. ಚೆನ್ನಾಗಿತ್ತು.

ಮಾರನೇ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಮಾತು ಬಂತು. ನಮ್ಮ ತಂಡದಲ್ಲೊಬ್ಬ ಪಕ್ಕಾ ಲಿಬರ್ಟೇರಿಯನ್ ಇದ್ದಾನೆ. ಪೊಲೀಸು, ಕೋರ್ಟು, ಸೈನ್ಯ, ಸರ್ಕಾರಕ್ಕೆ ಇಷ್ಟು ಕೆಲಸ ಸಾಕು ಅನ್ನುವವನು. ಮನೆಗೆ ಮಾತ್ರ ಸಾವಯವವೇ ಆಗಬೇಕು. ಕುಲಾಂತರಿ ಅಂದರೆ ಮೂಗು ಮುರಿಯುತ್ತಾನೆ. 2012ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಾಪೊಸಿಷನ್ 37 ಜನರ ಮತಕ್ಕೆ ಬಂದಿತ್ತು. ಕುಲಾಂತರಿ ಆಹಾರದ ಮೇಲೆ ಹಾಗಂತ ಕಡ್ಡಾಯವಾಗಿ ಬರೆಯಬೇಕು ಅನ್ನೋದು ವಿಷಯ. ‘ನೀನು ಬೇಕು ಅಂತಲೇ ಹಾಕಿರ್ತೀಯ ಅಲ್ವಾ?’ ಅಂದೆ. ‘ಬೇಡ ಅಂತ ಹಾಕಿದೆ’ ಅಂದ!

ಅದು ಸೋತಿದ್ದೂ ಕೂದಲೆಳೆಯಲ್ಲಿ. ಬೇಡ ಅಂದವರು ನೂರಕ್ಕೆ 51.4, ಬೇಕು ಅಂದವರು 48.6. ಬೇಡ ಅನ್ನುವ ಕಡೆ ಕುಲಾಂತರಿ ಬೀಜದ ಕಂಪನಿ ಮಾನ್ಸಾಂಟೊ ಮತ್ತು ದೊಡ್ಡ ಆಹಾರ ಕಂಪನಿಗಳು ಸೇರಿ ಸುಮಾರು 4.6 ಕೋಟಿ ಡಾಲರ್ ಸುರಿದಿದ್ದವು. ಕಂಪನಿಗಳು ಬೇಡ ಅಂದದ್ದು ನನಗೆ ಅರ್ಥ ಆಗುತ್ತದೆ. ತಾನೇ ತಿನ್ನದ ಈ ಪುಣ್ಯಾತ್ಮ ಯಾಕೆ ಬೇಡ ಅಂದ? ಇಲ್ಲಿ ಆ ಪಂಥದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಚೌಕಾಸಿ ಚಂದ್ರು:
ಇದ್ದೇನೆ ಮೇಡಂ, ಬೆಂಗಳೂರಿನಿಂದ. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಏನೂ ತೊಡಕಿಲ್ಲ. ನಮ್ಮದು ಒಂದೇ ಸೂತ್ರ. ಯಾರ ಮೇಲೂ ಬಲ ಬಳಸಬೇಡ, ಯಾರಿಗೂ ಮೋಸ ಮಾಡಬೇಡ. ಇವೆರಡು ಬಿಟ್ಟರೆ ಉಳಿದದ್ದು ಕೊಡುವವನಿಗೂ ಕೊಳ್ಳುವವನಿಗೂ ಬಿಟ್ಟದ್ದು. ಲೇಬಲ್ ಹಾಕೋದು ತಪ್ಪು ಅಂತ ನಾವ್ಯಾರೂ ಹೇಳಿಲ್ಲ. ಹಾಕದಿದ್ದರೆ ದಂಡ ಅನ್ನೋದು ತಪ್ಪು. ನನಗೆ ಕುಲಾಂತರಿ ಬೇಡ ಅಂದರೆ ಅದಕ್ಕೆ ಕಾಸು ಕೊಡಬೇಕಾದವನು ನಾನು. ಪಕ್ಕದ ಮನೆಯವನಲ್ಲ.

ಅಮೆರಿಕದ ಕೋಷರ್ ಗುರುತು ನೋಡಿ. ಯಹೂದಿಗಳ ಊಟದ ನಿಯಮ ನಮ್ಮ ಮಡಿಗಿಂತ ಕಟ್ಟುನಿಟ್ಟು. ಆದರೂ ಕೋಷರ್ ಅಲ್ಲದ ಬಿಸ್ಕತ್ತಿನ ಮೇಲೆ ‘ಇದು ಕೋಷರ್ ಅಲ್ಲ’ ಅಂತ ಬರೆಯಿರಿ ಎಂದು ಅವರು ಕೇಳಲಿಲ್ಲ. ತಮ್ಮದೇ ಸಂಸ್ಥೆ ಕಟ್ಟಿದರು, ತಪಾಸಣೆ ಮಾಡಿ ಮುದ್ರೆ ಒತ್ತಿದರು. ಕಂಪನಿಗಳು ತಾವಾಗಿಯೇ ದುಡ್ಡು ಕೊಟ್ಟು ಆ ಮುದ್ರೆ ಹಾಕಿಸಿಕೊಂಡವು. ಕುಲಾಂತರಿ ವಿಷಯದಲ್ಲೂ ಅದೇ ಆಯಿತು. 2007ರಲ್ಲಿ ನಾನ್ ಜಿಎಂಒ ಪ್ರಾಜೆಕ್ಟ್ ಶುರುವಾಯಿತು. ಜಿಎಂಒ ಅಂದರೆ ಕುಲಾಂತರಿಯೇ. ಅದರ ಚಿಟ್ಟೆ ಚಿತ್ರದ ಮುದ್ರೆ ನಿಮ್ಮ ಅಂಗಡಿ ತುಂಬಾ ಇದೆ. ಬೇಕಾದವರು ಚಿಟ್ಟೆ ನೋಡಿ ಕೊಳ್ಳಲಿ. ನಮ್ಮ ಪಂಥದ ಅಮೆರಿಕನ್ ಪತ್ರಿಕೆ ‘ರೀಸನ್’ನ ರೊನಾಲ್ಡ್ ಬೇಲಿ ಹೇಳಿಕೊಂಡು ಬಂದದ್ದೂ ಹೆಚ್ಚುಕಮ್ಮಿ ಇದೇ.

ಹತ್ತಿಹೊಲ:
ಕಾಸಿದ್ದವನಿಗೆ ಚಿಟ್ಟೆ, ಇಲ್ಲದವನಿಗೆ ಕಣ್ಣುಪಟ್ಟಿ. ಚಲೋ ಐತಿ ನಿಮ್ಮ ಸ್ವಾತಂತ್ರ್ಯ.

ವಕೀಲಮ್ಮ:
ಚಂದ್ರು ಅವರ ವಾದಕ್ಕೆ ಕೋರ್ಟಿನ ಆಸರೆಯೂ ಇದೆ. ಹಸುವಿಗೆ ಚುಚ್ಚುಮದ್ದು ಕೊಟ್ಟು ಹಾಲು ಹೆಚ್ಚಿಸುವ ಹಾರ್ಮೋನ್ ಒಂದಿತ್ತು, ಆರ್‌ಬಿಎಸ್‌ಟಿ ಅಂತ. ಮಾನ್ಸಾಂಟೊದ್ದು. 1993ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ವರ್ಮಾಂಟ್ ರಾಜ್ಯ ‘ಅಂಥ ಹಾಲಿಗೆ ಗುರುತು ಹಾಕಿ’ ಎಂದು ಕಾನೂನು ಮಾಡಿತು. ಡೈರಿಗಳ ಸಂಘ ಕೋರ್ಟಿಗೆ ಹೋಯಿತು. 1996ರಲ್ಲಿ ಮೇಲ್ಮನವಿ ಕೋರ್ಟು ಆ ಕಾನೂನಿಗೆ ತಡೆ ಹಾಕಿತು. ಗ್ರಾಹಕರಿಗೆ ಕುತೂಹಲ ಇದೆ ಅನ್ನೋದು ಒಂದೇ ಸಾಲದು, ಅಷ್ಟಕ್ಕೇ ಒಬ್ಬನ ಬಾಯಿಂದ ಮಾತು ಹೊರಡಿಸಲು ಆಗದು ಅನ್ನೋದು ತೀರ್ಪಿನ ತಿರುಳು. ಮಾತಾಡುವ ಹಕ್ಕಿನಲ್ಲಿ ಸುಮ್ಮನಿರುವ ಹಕ್ಕೂ ಸೇರಿದೆ ಅಂತ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಹಾರ್ಮೋನ್ ಬಳಸದ ರೈತರು ‘ನಮ್ಮ ಹಾಲಿನಲ್ಲಿ ಅದಿಲ್ಲ’ ಎಂದು ತಾವೇ ಬರೆದುಕೊಳ್ಳಲು ಹೊರಟರು. ಚಂದ್ರು ಹೇಳುವ ಹಾಗೆಯೇ, ಸ್ವಂತ ಇಚ್ಛೆಯಿಂದ. ಆಗ ಸರ್ಕಾರಗಳೇ ಅಡ್ಡ ಬಂದವು! ಪೆನ್ಸಿಲ್ವೇನಿಯಾ 2007ರಲ್ಲಿ ಅಂಥ ಬರಹವನ್ನು ನಿಷೇಧಿಸಲು ಹೊರಟು, ಜನ ಬೈದ ಮೇಲೆ ಹಿಂದೆ ಸರಿಯಿತು. ಒಹಾಯೊ ಬಿಗಿ ನಿಯಮವನ್ನೇ ಮಾಡಿತು. 2010ರಲ್ಲಿ ಕೋರ್ಟು ಅದರ ಬಹುಪಾಲನ್ನು ಕಿತ್ತುಹಾಕಿತು. ಬರೆ ಅಂತ ಬಲವಂತ ಮಾಡಿದ್ದೂ ಸರ್ಕಾರ, ಬರೆಯಬೇಡ ಅಂತ ಬಾಯಿ ಮುಚ್ಚಿಸಿದ್ದೂ ಸರ್ಕಾರ. ನಾನು ಲಿಬರ್ಟೇರಿಯನ್ ಅಲ್ಲ. ಆದರೂ ಈ ಎರಡು ಕೇಸನ್ನು ಒಟ್ಟಿಗೆ ಓದಿದ ದಿನ ಅವರ ಸಿಟ್ಟು ಯಾಕೆ ಅಂತ ಅರ್ಥ ಆಯಿತು.

ಚೌಕಾಸಿ ಚಂದ್ರು:
ವಕೀಲಮ್ಮನಿಗೆ ನನ್ನ ಕಡೆಯಿಂದ ಒಂದು ಫಿಲ್ಟರ್ ಕಾಫಿ. ಪ್ರಾಪೊಸಿಷನ್ 37ರಲ್ಲಿ ಇನ್ನೊಂದು ತಮಾಷೆ ಇತ್ತು. ಹೋಟೆಲ್ ಊಟಕ್ಕೆ ವಿನಾಯಿತಿ. ಮದ್ಯಕ್ಕೆ ವಿನಾಯಿತಿ. ಕುಲಾಂತರಿ ಜೋಳ ತಿಂದ ದನದ ಮಾಂಸಕ್ಕೂ ವಿನಾಯಿತಿ. ಲೇಬಲ್ ಇಲ್ಲದ್ದು ಕಂಡರೆ ಯಾರು ಬೇಕಾದರೂ ಕೇಸು ಹಾಕಬಹುದು, ತನಗೆ ನಷ್ಟ ಆಗಿದೆ ಅಂತ ತೋರಿಸುವ ಅಗತ್ಯವೂ ಇಲ್ಲ. ತಿಳಿಯುವ ಹಕ್ಕು ಅಂತ ಬೋರ್ಡು, ಒಳಗೆ ವಕೀಲರಿಗೆ ಹಬ್ಬ. ವಕೀಲಮ್ಮ ಕ್ಷಮಿಸಬೇಕು.

ವಕೀಲಮ್ಮ:
ಕಾಫಿ ವಾಪಸ್.

ಆರೋಗ್ಯವೇ ಭಾಗ್ಯ:
ಇಷ್ಟೆಲ್ಲ ಚರ್ಚೆ ಯಾಕೆ? ಕುಲಾಂತರಿ ತಿಂದರೆ ಕ್ಯಾನ್ಸರ್ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಲೇಬಲ್ ಅಲ್ಲ, ನಿಷೇಧವೇ ಆಗಬೇಕು.

ಪಪ್ಪಾಯ ಪ್ರಿಯೆ:
ಅದಕ್ಕೆ ಬೇರೆ ಎಳೆ ಶುರು ಮಾಡಿ, ಪ್ಲೀಸ್. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ದೊಡ್ಡ ವರದಿ ಕೊಟ್ಟಿವೆ. ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರದಿಂದ ಬೇರೆ ಆಹಾರಕ್ಕಿಂತ ಜಾಸ್ತಿ ಅಪಾಯ ಇದೆ ಅನ್ನೋದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಅಪಾಯ ಇಲ್ಲದಿದ್ದರೂ ತಿಳಿಸಬೇಕಾ, ಇದು ನನ್ನ ಪ್ರಶ್ನೆ.

ಮೊಸರನ್ನ:
ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಚಂದ್ರು ಅವರೇ, ನಿಮ್ಮ ಅಡುಗೆಮನೆಯಲ್ಲಿ ಯಾವುದಾದರೂ ಪೊಟ್ಟಣ ತೆಗೆದುಕೊಳ್ಳಿ. ಹಸಿರು ಚುಕ್ಕೆ ಇದೆಯಾ? ಭಾರತದಲ್ಲಿ ಅದು ಕಡ್ಡಾಯ. ಮಾಂಸ ಅಪಾಯ ಅಂತ ಇಟ್ಟ ನಿಯಮ ಅಲ್ಲ ಅದು. ಮೊಟ್ಟೆಗೂ ಅಷ್ಟೆ. ಆದರೂ ಮಾಂಸಾಹಾರದ ಪೊಟ್ಟಣದ ಮೇಲೂ ಗುರುತು ಇರಲೇಬೇಕು. ಮೊದಲು ಕಂದು ಚುಕ್ಕೆ, ಈಗ ಕಂದು ತ್ರಿಕೋನ. ಪೂರ್ತಿ ‘ಕುತೂಹಲ’ದ ಲೇಬಲ್. ನಿಮ್ಮ ಸೂತ್ರದ ಪ್ರಕಾರ ಅದನ್ನೂ ತೆಗೆಯಬೇಕು. ತೆಗೆಯೋಣವಾ? ನಿಮ್ಮ ಅಮ್ಮನ್ನ ಒಂದು ಮಾತು ಕೇಳಿ ಉತ್ತರ ಕೊಡಿ.

ಚೌಕಾಸಿ ಚಂದ್ರು:
ಅಮ್ಮನನ್ನು ಎಳೆದು ತರೋದು ಅನ್ಯಾಯ.

ಸರಿ, ಉತ್ತರ. ಹೌದು, ಸೂತ್ರದ ಪ್ರಕಾರ ಕಡ್ಡಾಯ ಬೇಡ. ನಾಳೆ ಕಾನೂನು ಹೋದರೂ ಚುಕ್ಕೆ ಹೋಗಲ್ಲ. ಈ ದೇಶದಲ್ಲಿ ಹಸಿರು ಚುಕ್ಕೆ ಇಲ್ಲದೆ ಹಪ್ಪಳ ಮಾರಲು ಯಾವ ಕಂಪನಿಗೆ ಧೈರ್ಯ ಇದೆ? ಚುಕ್ಕೆ ಹಾಕಿ ಸುಳ್ಳು ಹೇಳಿದರೆ ಅದು ಮೋಸ, ಅದಕ್ಕೆ ಕೋರ್ಟು ಇದೆ. ಅಮೆರಿಕದ ಫ್ರೆಂಚ್ ಫ್ರೈಸ್ ಪ್ರಕರಣ ನೆನಪಿದೆಯಾ? ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುತ್ತೇವೆ ಅಂತ ಸಾರಿತು. ಆದರೆ ಆಲೂಗಡ್ಡೆಗೆ ದನದ ಮಾಂಸದ ಸ್ವಾದ ಸೇರಿಸುತ್ತಿತ್ತು. 2001ರಲ್ಲಿ ಸಸ್ಯಾಹಾರಿಗಳು, ಹಿಂದೂಗಳು ಕೇಸು ಹಾಕಿದರು. ಮಾರನೇ ವರ್ಷ ಕಂಪನಿ 1 ಕೋಟಿ ಡಾಲರ್‌ಗೆ ರಾಜಿಗೆ ಬಂತು, ಕ್ಷಮೆಯೂ ಕೇಳಿತು. ಹಸಿರು ಚುಕ್ಕೆಯ ಕಾನೂನು ಇಲ್ಲದ ದೇಶದಲ್ಲಿ, ಬರೀ ಮೋಸದ ಕಾನೂನಿನಿಂದ.

ಪಪ್ಪಾಯ ಪ್ರಿಯೆ:
ಚಂದ್ರು, ಆ ಲೆಕ್ಕ ಮತ್ತೆ ಮಾಡಿ. 1990ರಿಂದ 2001. ಹನ್ನೊಂದು ವರ್ಷ. ನನ್ನ ಚಿಕ್ಕಪ್ಪ ಆಗ ಇಲ್ಲಿ ಓದುತ್ತಿದ್ದರು. ಗುರುವಾರ ಒಪ್ಪೊತ್ತು ಮಾಡುವವರು. ಹೊರಗೆ ಹೋದರೆ ತಿನ್ನುತ್ತಿದ್ದದ್ದು ಅದೊಂದೇ. ಆ ದುಡ್ಡಿನ ಬಹುಪಾಲು ಸಂಘ ಸಂಸ್ಥೆಗಳಿಗೆ ಹೋಯಿತು. ಚಿಕ್ಕಪ್ಪನಿಗೆ ಸಿಕ್ಕಿದ್ದು ಒಂದು ಸುದ್ದಿ ತುಣುಕು. ತಿಂದದ್ದನ್ನು ವಾಪಸ್ ತೆಗೆಯಲು ಯಾವ ಕೋರ್ಟಿಗೂ ಆಗಲ್ಲ ಅಲ್ವಾ.

ಹತ್ತಿಹೊಲ:
👏

ಚೌಕಾಸಿ ಚಂದ್ರು:
ಒಪ್ಪಿದೆ, ಇದು ತಟ್ಟಿತು. ರಾತ್ರಿ ಎಲ್ಲ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ನಮ್ಮೊಳಗೇ ಇದರ ಬಗ್ಗೆ ಎರಡು ಗುಂಪು ಇದೆ ಅನ್ನೋದನ್ನು ಮೊದಲೇ ಹೇಳಬೇಕಿತ್ತು. ಮೋಸ ಎಂದರೆ ಸುಳ್ಳು ಹೇಳೋದು ಮಾತ್ರವಾ, ಇಲ್ಲ ಕೊಳ್ಳುವವನು ಏನೋ ಅಂದುಕೊಂಡಿದ್ದಾನೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರೋದೂ ಮೋಸವಾ? ಜಗಳ ಇರೋದು ಇಲ್ಲಿ. ಎರಡನೆಯದೂ ಮೋಸ ಅನ್ನುವವರು ಲೇಬಲ್ ಕಡೆ ವಾಲುತ್ತಾರೆ. ಅವರದು ಇನ್ನೊಂದು ತಕರಾರು. ಈಗಿನ ಮೌನ ಮಾರುಕಟ್ಟೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. 1992ರಲ್ಲಿ ಎಫ್‌ಡಿಎ ‘ಕುಲಾಂತರಿಗೂ ಸಾಮಾನ್ಯ ಬೆಳೆಗೂ ಮುಖ್ಯ ವ್ಯತ್ಯಾಸ ಇಲ್ಲ, ಪ್ರತ್ಯೇಕ ಲೇಬಲ್ ಬೇಕಿಲ್ಲ’ ಎಂದು ನೀತಿ ಹೊರಡಿಸಿತು. ಆಗ ಅಲ್ಲಿ ನೀತಿ ವಿಭಾಗದ ಉಪ ಆಯುಕ್ತರಾಗಿದ್ದ ಮೈಕೆಲ್ ಟೇಲರ್ ಹಿಂದೆ ಕೆಲಸ ಮಾಡಿದ್ದು ಮಾನ್ಸಾಂಟೊ ಪರ ವಕಾಲತ್ತು ನಡೆಸುತ್ತಿದ್ದ ಕಾನೂನು ಸಂಸ್ಥೆಯಲ್ಲಿ. ಪೇಟೆಂಟ್ ವಿಷಯದಲ್ಲೂ ಅಷ್ಟೆ. ಬೀಜ ಉಳಿಸಿ ಬಿತ್ತಿದ ರೈತನ ಮೇಲೆ ಮಾನ್ಸಾಂಟೊ ಗೆದ್ದ 2013ರ ಬೋಮನ್ ಕೇಸು ನೋಡಿ. ಪೇಟೆಂಟ್ ಎಂದರೆ ಸರ್ಕಾರ ಕೊಟ್ಟ ಏಕಸ್ವಾಮ್ಯ ಅಂತ ನಮ್ಮಲ್ಲಿ ಎಷ್ಟೋ ಜನ ವಿರೋಧಿಸುತ್ತಾರೆ. ಜೀನ್ ಮೇಲೆ ಹಕ್ಕು ಕೇಳುವಾಗ ‘ಇದು ಹೊಸದು’, ಲೇಬಲ್ ಕೇಳಿದಾಗ ‘ಇದು ಹಳೆಯದೇ’. ಎರಡೂ ನಾಲಿಗೆಗೆ ಸರ್ಕಾರದ ಮುದ್ರೆ. ಇದು ಮುಕ್ತ ಮಾರುಕಟ್ಟೆ ಅಲ್ಲ ಅನ್ನೋದು ಅವರ ವಾದ. ನನಗೂ ಅದನ್ನು ತಳ್ಳಿಹಾಕಲು ಆಗುತ್ತಿಲ್ಲ.

ವಕೀಲಮ್ಮ:
ಹಾಗಾದರೆ 2016ರಲ್ಲಿ ನಡೆದದ್ದನ್ನೂ ಹೇಳಿಬಿಡುತ್ತೇನೆ. ಮತ್ತೆ ಅದೇ ವರ್ಮಾಂಟ್. 2014ರಲ್ಲಿ ಕುಲಾಂತರಿ ಲೇಬಲ್ ಕಾನೂನು ಮಾಡಿತು, 2016ರ ಜುಲೈ 1ಕ್ಕೆ ಜಾರಿ. ತಪ್ಪಿದರೆ ಒಂದೊಂದು ಉತ್ಪನ್ನಕ್ಕೆ ದಿನಕ್ಕೆ 1000 ಡಾಲರ್‌ವರೆಗೆ ದಂಡ. ಪುಟ್ಟ ರಾಜ್ಯ. ಆದರೆ ಒಂದು ರಾಜ್ಯಕ್ಕೆ ಬೇರೆ ಡಬ್ಬಿ ಅಚ್ಚು ಹಾಕೋದು ತಲೆನೋವು. ಕ್ಯಾಂಪ್‌ಬೆಲ್, ಜನರಲ್ ಮಿಲ್ಸ್ ಥರದ ಕಂಪನಿಗಳು ದೇಶಕ್ಕೆಲ್ಲ ಲೇಬಲ್ ಹಾಕುತ್ತೇವೆ ಅಂದವು. ಅಷ್ಟರಲ್ಲಿ ಅಮೆರಿಕದ ಸಂಸತ್ತು ಕೇಂದ್ರ ಕಾನೂನು ತಂದಿತು. ಜುಲೈ 29ರಂದು ಒಬಾಮಾ ಸಹಿ. ರಾಜ್ಯಗಳ ಕಾನೂನು ರದ್ದು. ವರ್ಮಾಂಟ್ ಕಾನೂನಿಗೆ ತಿಂಗಳೂ ತುಂಬಲಿಲ್ಲ.

ಇಲ್ಲಿ ಲಿಬರ್ಟೇರಿಯನ್ನರಿಗೆ ಇಕ್ಕಟ್ಟು. ಕಡ್ಡಾಯ ಲೇಬಲ್ ಬೇಡ ಅನ್ನುವವರು ಖುಷಿ ಪಡಬೇಕಾ? ಬಂದದ್ದು ಇಡೀ ದೇಶಕ್ಕೆ ಕಡ್ಡಾಯ ಲೇಬಲ್. ರಾಜ್ಯಗಳು ತಮ್ಮ ದಾರಿ ತಾವು ನೋಡಿಕೊಳ್ಳಲಿ ಅನ್ನುವವರು ಖುಷಿ ಪಡಬೇಕಾ? ರಾಜ್ಯದ ಕೈ ಕಟ್ಟಿದ್ದೇ ಈ ಕಾನೂನು. ಕಂಪನಿಗಳಿಗೆ ಮಾತ್ರ ನೆಮ್ಮದಿ. 2022ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂದಾಗ ಸಿಕ್ಕಿದ್ದೇನು? ‘ಜಿಎಂಒ’ ಅನ್ನುವ ಜನಕ್ಕೆ ಗೊತ್ತಿದ್ದ ಪದ ಹೋಗಿ ‘ಬಯೋಎಂಜಿನಿಯರ್ಡ್’ ಬಂತು. ಬರಹದ ಬದಲು ಕ್ಯೂಆರ್ ಕೋಡ್ ಹಾಕಿದರೂ ನಡೆಯುತ್ತಿತ್ತು. ಕುಲಾಂತರಿ ಶುಗರ್ ಬೀಟ್ ಗಡ್ಡೆಯ ಸಕ್ಕರೆ, ಸೋಯಾ ಎಣ್ಣೆಯಲ್ಲಿ ಜೀನ್ ಪತ್ತೆಯಾಗದಿದ್ದರೆ ಲೇಬಲ್ ಬೇಡ ಅಂದರು. ಮತ್ತೆ, ಉಲ್ಲಂಘಿಸಿದರೆ ಕೃಷಿ ಇಲಾಖೆಗೆ ದಂಡ ಹಾಕುವ ಅಧಿಕಾರವೇ ಇಲ್ಲ!

ಮೊಸರನ್ನ:
ಹಲ್ಲು ಕಿತ್ತ ಹಾವು. ಅಂದ ಹಾಗೆ ಯಾವ ಬೆಳೆಗೆ ಈ ಲೇಬಲ್ ಅಂತ ಅಮೆರಿಕ ಮಾಡಿದ ಪಟ್ಟಿಯಲ್ಲಿ ಬದನೆಕಾಯಿಯೂ ಇದೆ ಗೊತ್ತಾ? ಅದು ಬಾಂಗ್ಲಾದೇಶದ ಬಿಟಿ ಬದನೆ, ಹುಳು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದು. ಆ ಬಿಟಿ ಜೀನ್ ಕೊಟ್ಟದ್ದು ನಮ್ಮ ಮಹಿಕೊ ಬೀಜ ಕಂಪನಿ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅದೇ ಜೀನ್ ಇಟ್ಟು ಇಲ್ಲಿನ ಬದನೆ ತಳಿಗಳಲ್ಲಿ ಕೆಲಸ ಮಾಡಿತ್ತು. 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ತಡೆ ಹಾಕಿದ ಮೇಲೆ ಇಲ್ಲಿ ನಿಂತುಹೋಯಿತು. ಗಡಿ ದಾಟಿದರೆ ರೈತ ಬೆಳೆಯುತ್ತಾನೆ.

ಹತ್ತಿಹೊಲ:
ನಾನು ರಾಯಚೂರು ಕಡೆಯವನು. ನೀವು ಅಮೆರಿಕ ಅಮೆರಿಕ ಅನ್ನುತ್ತಿದ್ದೀರಿ. ಸ್ವಾತಂತ್ರ್ಯದ ಹೆಸರಿನ ಈ ಜಗಳ ನಮ್ಮ ಹೊಲದಲ್ಲಿ ಆಗಲೇ ಆಗಿದೆ.

ಒಂದು ಕಡೆ ನಮ್ಮ ಪ್ರೊಫೆಸರ್ ನಂಜುಂಡಸ್ವಾಮಿ. 1998ರ ನವೆಂಬರಿನಲ್ಲಿ ರೈತ ಸಂಘದವರು ಈ ಕಡೆ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಇಟ್ಟರು. ಬೀಜ ಕಂಪನಿಯ ಕೈಗೆ ಹೋದರೆ ರೈತ ಗುಲಾಮ ಅನ್ನೋದು ಅವರ ಮಾತು. ಇನ್ನೊಂದು ಕಡೆ ಮಹಾರಾಷ್ಟ್ರದ ಶರದ್ ಜೋಶಿ. ಶೇತ್ಕರಿ ಸಂಘಟನೆ ಕಟ್ಟಿದವರು. ಚಂದ್ರು ಅವರ ಪಂಥಕ್ಕೆ ಈ ದೇಶದಲ್ಲಿ ರೈತರ ನಡುವೆ ಜಾಗ ಮಾಡಿಕೊಟ್ಟವರು ಅಂದರೆ ತಪ್ಪಿಲ್ಲ. ಒಂದು ಕಾಲಕ್ಕೆ ಇಬ್ಬರೂ ಒಂದೇ ವೇದಿಕೆ. ಜಾಗತಿಕ ವ್ಯಾಪಾರ ಒಪ್ಪಂದದ ಕರಡು, ಡಂಕೆಲ್ ಪ್ರಸ್ತಾವ, ಬಂದಾಗ ದಾರಿ ಬೇರೆ ಆಯಿತು. ಜೋಶಿಯವರದು ‘ತಂತ್ರಜ್ಞಾನ ಸ್ವಾತಂತ್ರ್ಯ’. ಯಾವ ಬೀಜ ಹಾಕಬೇಕು ಅಂತ ರೈತನೇ ತೀರ್ಮಾನ ಮಾಡಲಿ ಅಂತ. 2019ರ ಜೂನ್‌ನಲ್ಲಿ ಅವರ ಸಂಘಟನೆಯವರು ಅಕೋಲಾ ಜಿಲ್ಲೆಯಲ್ಲಿ ಒಪ್ಪಿಗೆ ಇಲ್ಲದ ಕಳೆನಾಶಕ ಸಹಿಸುವ ಹತ್ತಿಯನ್ನು ಬಹಿರಂಗವಾಗಿ ಬಿತ್ತಿದರು.

ಆದರೆ ನನ್ನ ಅನುಭವ ಹೇಳುತ್ತೇನೆ. ಆ ಬೀಜ ನಮ್ಮ ಕಡೆಗೂ ಕಳ್ಳದಾರಿಯಲ್ಲಿ ಬಂತು. ನಮ್ಮ ಅಣ್ಣ ತಂದ ಪೊಟ್ಟಣದ ಮೇಲೆ ಕಂಪನಿ ಹೆಸರಿಲ್ಲ, ತಾರೀಕಿಲ್ಲ. ಅರ್ಧ ಮೊಳೆಯಲಿಲ್ಲ. ಉಳಿದ ಅರ್ಧಕ್ಕೆ ಕಳೆನಾಶಕ ಹೊಡೆದ, ಅದೂ ಸುಟ್ಟುಹೋಯಿತು. ಮಾರಿದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಯಾವ ಕೋರ್ಟಿಗೆ ಹೋಗಬೇಕು ಚಂದ್ರು ಸಾಹೇಬ್ರ?

ಚೌಕಾಸಿ ಚಂದ್ರು:
ನಿಮ್ಮ ಅಣ್ಣನಿಗೆ ಆದದ್ದು ಕೇಳಿ ಬೇಜಾರಾಯಿತು. ಆದರೆ ಇದು ನನ್ನ ವಾದವೇ. ಆ ಬೀಜಕ್ಕೆ ಲೇಬಲ್ ಯಾಕಿರಲಿಲ್ಲ? ನಿಷೇಧ ಇತ್ತು, ಅದಕ್ಕೆ. ಬಾಗಿಲು ಮುಚ್ಚಿದರೆ ಮಾಲು ಹಿತ್ತಿಲಿಂದ ಬರುತ್ತದೆ. ಹಿತ್ತಿಲಿನ ಮಾಲಿಗೆ ಹೆಸರು ಬರೆಯುವವರು ಯಾರು? ಬಹಿರಂಗವಾಗಿ ಮಾರಲು ಬಿಟ್ಟಿದ್ದರೆ ಪೊಟ್ಟಣದ ಮೇಲೆ ಕಂಪನಿ ಹೆಸರು ಇರುತ್ತಿತ್ತು.

ಹತ್ತಿಹೊಲ:
ಬಹಿರಂಗ ಮಾರಿದ್ದಕ್ಕೂ ಲೇಬಲ್ ಎಲ್ಲಿದೆ? 2002ರಿಂದ ಬಿಟಿ ಹತ್ತಿ ಕಾನೂನುಬದ್ಧ. ಈಗ ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಅದೇ. ನೂಲು ಒಂದೇ ಅಲ್ಲ, ಬೀಜದಿಂದ ಎಣ್ಣೆಯೂ ತೆಗೆಯುತ್ತಾರೆ. ಕರಿದ ತಿಂಡಿಯಲ್ಲಿ ತಿನ್ನುತ್ತೀರಿ. 2013ರ ಜನವರಿಯಿಂದ ಪೊಟ್ಟಣದ ಮುಖದ ಮೇಲ್ಗಡೆ ‘ಜಿಎಂ’ ಅಂತ ಬರೆಯಬೇಕು ಅನ್ನುವ ನಿಯಮ ಬಂದಿತ್ತು. ನಾನು ಒಂದು ಡಬ್ಬಿಯಲ್ಲೂ ನೋಡಿಲ್ಲ. ಯಾರಾದರೂ ನೋಡಿದ್ದರೆ ಫೋಟೊ ಹಾಕಿ.

ವಕೀಲಮ್ಮ:
ನಾನೂ ನೋಡಿಲ್ಲ. 2024ರ ಜುಲೈನಲ್ಲಿ ಕುಲಾಂತರಿ ಸಾಸಿವೆ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ನಮ್ಮ ನಾಗರತ್ನ ಮತ್ತು ಸಂಜಯ್ ಕರೋಲ್, ಸಾಸಿವೆ ಬಿಡುಗಡೆ ಬಗ್ಗೆ ಬೇರೆ ಬೇರೆ ತೀರ್ಪು ಕೊಟ್ಟರು. ಆದರೆ ಹೊರಗಿಂದ ಬರುವ ಕುಲಾಂತರಿ ಎಣ್ಣೆಗೆ ಪ್ಯಾಕಿಂಗ್, ಲೇಬಲ್ ನಿಯಮ ಪಾಲಿಸಲೇಬೇಕು ಅನ್ನೋದರಲ್ಲಿ ಇಬ್ಬರೂ ಒಂದೇ.

ಪಪ್ಪಾಯ ಪ್ರಿಯೆ:
ಮೊಸರನ್ನ ಅವರ ಹಸಿರು ಚುಕ್ಕೆ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗೆ ಕೇಳಿದೆ. ಐದು ನಿಮಿಷ ಸುಮ್ಮನಿದ್ದ. ಆಮೇಲೆ ನನಗೊಂದು ಅಧ್ಯಯನ ತೋರಿಸಿದ. ವರ್ಮಾಂಟ್‌ನಲ್ಲಿ ಲೇಬಲ್ ಬಂದ ಮೇಲೆ ಜನ ಹೆದರಿದರಾ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿದ್ದರು, ಜೇನ್ ಕೊಲೊಡಿನ್‌ಸ್ಕಿ ಮತ್ತು ಜೇಸನ್ ಲಸ್ಕ್. 2018ರಲ್ಲಿ ಪ್ರಕಟವಾಯಿತು. ಹೆದರಲಿಲ್ಲ! ಉಳಿದ ಅಮೆರಿಕಕ್ಕೆ ಹೋಲಿಸಿದರೆ ಅಲ್ಲಿ ಕುಲಾಂತರಿಗೆ ವಿರೋಧ ನೂರಕ್ಕೆ 19ರಷ್ಟು ಇಳಿದಿತ್ತು. ಲಸ್ಕ್ ಮೊದಲಿನಿಂದ ಕಡ್ಡಾಯ ಲೇಬಲ್ ಬಗ್ಗೆ ಅನುಮಾನ ಇದ್ದವರು, ಅದು ಇನ್ನೂ ಮಜಾ. ‘ಹಾಗಾದರೆ ಈಗ ಮತ ಬದಲಿಸುತ್ತೀಯಾ?’ ಅಂದೆ. ‘ಇಲ್ಲ. ಫಲ ಒಳ್ಳೆಯದಾದರೆ ಬಲವಂತ ಸರಿ ಆಗಲ್ಲ’ ಅಂದ. ಹಟಮಾರಿ. ಆದರೆ ಮಾತಿಗೆ ನಿಲ್ಲುವವನು.

ಚೌಕಾಸಿ ಚಂದ್ರು:
ನಾನು ಅವನಷ್ಟು ಗಟ್ಟಿ ಅಲ್ಲ. ಅಮ್ಮನನ್ನು ಕೇಳಿದೆ. ‘ಚುಕ್ಕೆ ತೆಗೆದರೆ ಪೊಟ್ಟಣದ್ದು ಮನೆಗೇ ತರಬೇಡ’ ಅಂದರು.

ಮೊಸರನ್ನ:
ಅಮ್ಮನಿಗೆ ಒಂದು ವಿಷಯ ಹೇಳಬೇಡಿ. ಚೀಸ್ ಮಾಡಲು ಹಾಲು ಒಡೆಸುವ ಕಿಣ್ವ ಮೊದಲು ಕರುವಿನ ಹೊಟ್ಟೆಯಿಂದ ಬರುತ್ತಿತ್ತು. 1990ರಲ್ಲಿ ಎಫ್‌ಡಿಎ ಕುಲಾಂತರಿ ಸೂಕ್ಷ್ಮಜೀವಿಯಿಂದ ತೆಗೆದ ಕೈಮೋಸಿನ್‌ಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದ ಚೀಸ್ ಬಹುಪಾಲು ಈಗ ಅದರದ್ದೇ. ಕರು ಉಳಿಯಿತು, ಚೀಸ್ ಸಸ್ಯಾಹಾರ ಆಯಿತು.

ಈಗಷ್ಟೇ ಫ್ರಿಜ್ ತೆಗೆದು ನೋಡಿದೆ. ನಮ್ಮ ಮನೆ ಚೀಸ್ ಡಬ್ಬಿ ಮೇಲೆ ಹಸಿರು ಚುಕ್ಕೆ ದೊಡ್ಡದಾಗಿದೆ. ಕಿಣ್ವ ಎಲ್ಲಿಂದ ಬಂತು ಅಂತ ಎಲ್ಲೂ ಇಲ್ಲ.